ಎಮ್ಮೆಮಡುವಿನ ತಳ

೧೯೧೯ನೇ ಇಸವಿ ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಅಂಗಳದಲ್ಲಿ ಮಲಗಿಸಿದ್ದ ಅಪ್ಪನ ಕಾಲಿಗೆ ಯಾರೋ ಕಟ್ಟಿದ್ದ ಹಗ್ಗವನ್ನು ಚಿನ್ನಮ್ಮ ಹಲ್ಲಿನಿಂದ ಬಿಚ್ಚುತ್ತಿದ್ದಳು.

ಅದು ಹರಿಗೋಲಿನವರ ಗಂಟು, ಎಳೆದಷ್ಟೂ ಬಿಗಿಯುತ್ತದೆ. ಹಗ್ಗದ ಇನ್ನೊಂದು ತುದಿಯನ್ನು ನಾಲ್ಕು ಮಣ ತೂಕದ ಕಲ್ಲಿಗೆ ಸುತ್ತಿದ್ದರು. ಅವಳು ಹೆಣ ತೊಳೆಯಲು ನೀರು ತರಲು ಹೋಗಿ ಬರುವಷ್ಟರಲ್ಲಿ ಈ ಕೆಲಸ ನಡೆದಿತ್ತು. ಸುತ್ತ ನಿಂತಿದ್ದ ಮೂವತ್ತು ಜನರಲ್ಲಿ ಕಟ್ಟಿದವರು ಯಾರೆಂದು ಅವಳು ಕೇಳಲಿಲ್ಲ.

“ಬುಡು ಚಿನ್ನವ್ವಾ,” ಎಂದ ರಂಗನಾಯಕ. ಅವಳ ಅಪ್ಪನ ಜೊತೆ ಮೂವತ್ತು ವರ್ಷ ಹೊಳೆ ದಾಟಿಸುವ ಕಡವಿನಲ್ಲಿ ಹುಟ್ಟು ಹಾಕಿದವನು. “ಸತ್ತೋರ ಕಾಲ್ಗೆ ಬಾಯಾಕ್ಬಾರ್ದು.”

“ಕಾಲ್ಗಾಕಿಲ್ಲ ರಂಗಣ್ಣ, ಅಗ್ಗಕ್ಕಾಕಿವ್ನಿ. ಕಟ್ಟೋಕೆ ಬಂದ ಕೈಗೆ ಬಿಚ್ಚೋಕೆ ಬರಾಕಿಲ್ವಾ?”

ರಂಗನಾಯಕ ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡ. ಕಟ್ಟಿದವನು ಯಾರೆಂದು ಅದರಿಂದಲೇ ತಿಳಿಯಿತು.

ಗಂಟು ಸಡಿಲವಾಯಿತು. ಚಿನ್ನಮ್ಮ ಹಗ್ಗವನ್ನು ಮೊಳಕೈಗೆ ಸುತ್ತಿಕೊಳ್ಳುತ್ತ ಕಲ್ಲಿನವರೆಗೂ ಹೋದಳು. ಹಗ್ಗದ ಉದ್ದಕ್ಕೂ ಒಂದೊಂದು ಅಡಿಗೆ ಒಂದೊಂದು ಚಿಕ್ಕ ಗಂಟಿತ್ತು. ಅವು ಅಪ್ಪ ಹಾಕಿದ ಗಂಟುಗಳು. ಅವನ್ನು ಅವಳು ಬಿಚ್ಚಲಿಲ್ಲ.

ಅವಳ ಅಪ್ಪ ಹುಚ್ಚಯ್ಯ ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ತೀರಿಕೊಂಡಿದ್ದ. ವಯಸ್ಸು ಅರವತ್ತರ ಹತ್ತಿರ. ಹೋದ ವರ್ಷ ಊರೂರನ್ನೇ ಮಲಗಿಸಿದ ಜ್ವರ ಅವನ ಅಳಿಯನನ್ನು, ಚಿನ್ನಮ್ಮನ ಗಂಡನನ್ನು, ನಾಲ್ಕು ದಿನದಲ್ಲಿ ಮುಗಿಸಿತ್ತು. ಅವನನ್ನು ಮಾತ್ರ ಕೊಲ್ಲದೆ ಎದೆಯಲ್ಲಿ ಕೆಮ್ಮಾಗಿ ಕುಳಿತಿತ್ತು. ಎರಡು ನಿಮಿಷ ಉಸಿರು ಕಟ್ಟಿ ನೀರಿನಡಿ ಇರುತ್ತಿದ್ದ ಮನುಷ್ಯ ಕೊನೆಕೊನೆಗೆ ಅಂಗಳ ದಾಟಲು ಮೂರು ಸಲ ನಿಲ್ಲುತ್ತಿದ್ದ.

ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಕಾವೇರಿಗೆ ಸೇರಿದ ಮೇಲೆ, ತುಸು ಕೆಳಗೆ, ಹೆಮ್ಮಿಗೆಯ ಕಡೆ ಹೋಗುವವರ ಕಡವು. ಅದರ ನಡುವೆ ಒಂದು ಕಡೆ ಹೊಳೆ ಸುತ್ತಿ ಕಪ್ಪಾಗುತ್ತದೆ. ಅದೇ ಎಮ್ಮೆಮಡು. ಯಾವ ಕಾಲದಲ್ಲೋ ಒಂದು ಹಿಂಡು ಎಮ್ಮೆ ಅಲ್ಲಿ ಇಳಿದು, ಒಂದೂ ಮೇಲೆ ಬರಲಿಲ್ಲವಂತೆ. ಅದಕ್ಕೆ ತಳವಿಲ್ಲ ಎಂಬುದು ಊರಿನ ಮಾತು. ತಳವಿಲ್ಲದ್ದನ್ನು ಅಳೆಯಬಾರದು ಎಂಬುದು ಹರಿಗೋಲಿನವರ ಕಟ್ಟಳೆ. ಮಡುವಿನ ಅಂಚಿಗೆ ಬಂದ ಕೂಡಲೇ ಹುಟ್ಟನ್ನು ಮೇಲೆತ್ತಬೇಕು, ಮಾತು ನಿಲ್ಲಿಸಬೇಕು, ಒಂದು ವೀಳ್ಯದೆಲೆಯನ್ನು ನೀರಿಗೆ ಬಿಡಬೇಕು. ಸುಳಿಯ ಹೊರಮೈ ಹರಿಗೋಲನ್ನು ತಾನೇ ಆಚೆ ನೂಕುತ್ತದೆ. ಅದರೊಳಗೆ ಗಳುವನ್ನಾಗಲಿ ಹಗ್ಗವನ್ನಾಗಲಿ ಇಳಿಸುವುದು ಹೊಳೆಯ ಹೊಟ್ಟೆಗೆ ಕೈ ಹಾಕಿದಂತೆ. ಹುಚ್ಚಯ್ಯ ಹದಿನಾಲ್ಕು ವರ್ಷದಿಂದ ಆ ಎಲೆಗೆ ಸುಣ್ಣ ಹಚ್ಚಿ ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಇನ್ನೊಂದು ಮಾತೂ ಇತ್ತು. ಮಡು ಹಿಡಿದದ್ದನ್ನು ಬಿಡಿಸಿಕೊಂಡವನು ಸತ್ತ ಮೇಲೆ ಮಡುವಿನವನು; ಅವನ ಹೆಣವನ್ನು ಕಲ್ಲು ಕಟ್ಟಿ ಅದಕ್ಕೇ ಕೊಡಬೇಕು. ಹಾಗೆ ಬಿಡಿಸಿಕೊಂಡವರು ಹುಚ್ಚಯ್ಯನಿಗೆ ಮುಂಚೆ ಯಾರೂ ಇರಲಿಲ್ಲವಾದ್ದರಿಂದ ಈ ಮಾತನ್ನು ನಡೆಸುವ ಸಂದರ್ಭ ಇವತ್ತಿನವರೆಗೆ ಬಂದಿರಲಿಲ್ಲ.

“ಅವ್ನ ಮ್ಯಾಲೆ ನಂಗೇನ್ ಅಗೆ ಇಲ್ಲ ಕಣವ್ವ,” ಎಂದರು ಜಗುಲಿಯ ಮೇಲೆ ಕುಳಿತಿದ್ದ ಚಿಕ್ಕಸ್ವಾಮಿ. ಅವರು ಕಡವಿನ ಯಜಮಾನರು. ಎಂಟು ಹರಿಗೋಲು ಅವರ ಮಾತಿನಂತೆ ನಡೆಯುತ್ತಿದ್ದವು. “ನಿಮ್ಮಪ್ಪ ಎರಡು ಜೀವ ಕಿತ್ಕಂಡ. ಒಳೆ ಮರ್ತಿಲ್ಲ. ಮುಂಗಾರು ಬರ್ಲಿ, ಕೇಳ್ತದೆ. ಅದ್ರ ಪಾಲು ಅದ್ಕೆ ಕೊಟ್ಬುಟ್ರೆ ಬದ್ಕಿರೋರು ನೆಮ್ಮದಿಯಾಗಿ ಓಡಾಡ್ಬೌದು.”

“ಯಾರ್ನ ಕೇಳ್ತದೆ ದೊಡ್ಡಪ್ಪ?”

ಚಿಕ್ಕಸ್ವಾಮಿಯ ಕಣ್ಣು ಹೆಂಗಸರ ಗುಂಪಿನಲ್ಲಿದ್ದ ಸೊಸೆ ರಾಮಮ್ಮನ ಕಡೆ ಹೋಗಿ ಬಂತು. ಏಳು ವರ್ಷದ ಹಿಂದೆ ಹುಚ್ಚಯ್ಯ ಮಡುವಿನಿಂದ ಬಿಡಿಸಿ ತಂದ ಎರಡು ಜೀವಗಳಲ್ಲಿ ಒಂದು ಅವಳದು. ಇನ್ನೊಂದು ಒಬ್ಬ ಉಪ್ಪಿನ ವ್ಯಾಪಾರಿಯದು; ಬಟ್ಟೆ ಒಣಗುವ ಮೊದಲೇ ಹೊರಟವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಆ ದಿನದಿಂದ ಚಿಕ್ಕಸ್ವಾಮಿ ಸೊಸೆಯನ್ನು ಹರಿಗೋಲು ಹತ್ತಗೊಟ್ಟಿರಲಿಲ್ಲ. ಅವಳ ತವರು ಹೆಮ್ಮಿಗೆ. ಕಡವು ದಾಟಿದರೆ ಎರಡು ಗಂಟೆಯ ನಡಿಗೆ. ಏಳು ವರ್ಷದಲ್ಲಿ ಒಮ್ಮೆಯೂ ಅವಳು ಅಲ್ಲಿಗೆ ಹೋಗಿರಲಿಲ್ಲ. ತಾಯಿ ಸತ್ತಾಗಲೂ ಹೋಗಲಿಲ್ಲ.

“ಅಪ್ಪ ಏನಂದ್ರು ಗೊತ್ತಾ?” ಎಂದಳು ಚಿನ್ನಮ್ಮ. “‘ನನ್ನ ಮಣ್ಗಾಕು. ಅದ್ಕೆ ಮಾತ್ರ ಕೊಡ್ಬೇಡ. ನನ್ ತಮ್ಮನ್ನ ತಿಂದದೆ, ನನ್ನೂ ತಿಂದು ತೇಗ್ಬಾರ್ದು’ ಅಂದ್ರು.”

“ನಿಂತಾಗ್ಲೂ ಅಂಗೇ, ಮಲಗ್ದಾಗ್ಲೂ ಅಂಗೇ,” ಎಂದ ರಂಗನಾಯಕ ತನ್ನಷ್ಟಕ್ಕೆ. ಹಿಂದೆ ಯಾರೋ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

“ನಗ್ಬೇಡಿ ಕಣ್ರೋ,” ಎಂದರು ಚಿಕ್ಕಸ್ವಾಮಿ. “ನಿಮ್ ಐಕ್ಳೇ ದಿನಾ ಅದ್ರ ಮ್ಯಾಲೆ ಓಡಾಡೋದು.”

ನಗು ನಿಂತಿತು. ಕಲ್ಲನ್ನು ಎತ್ತಲು ಬಂದಿದ್ದ ಇಬ್ಬರು ಅಲ್ಲಿಂದ ಕದಲಲಿಲ್ಲ.

*

೧೯೦೫ರ ಜುಲೈ. ನಂಜನಗೂಡಿನಲ್ಲಿ ಕಪಿಲೆ ಏರಿದರೆ ಆ ನೀರು ಮಾರನೆಯ ದಿನ ಕಡವಿಗೆ ಬರುತ್ತದೆ ಎಂಬುದು ಎಲ್ಲರೂ ನಂಬಿದ್ದ ಲೆಕ್ಕ. ಆ ದಿನ ಅರ್ಧ ದಿನ ಮೊದಲೇ ಬಂತು. ಹುಚ್ಚಯ್ಯನ ತಮ್ಮ ಚೆಲುವಯ್ಯ ನಾಲ್ಕು ಜನರನ್ನೂ ಆರು ಮೂಟೆ ರಾಗಿಯನ್ನೂ ಹಾಕಿಕೊಂಡು ನಡುಹೊಳೆಯಲ್ಲಿದ್ದ. ಹರಿಗೋಲು ತಿರುಗಿ ಮಗುಚಿತು. ಮಗುಚಿದ್ದು ಹಾಗೆಯೇ ತೇಲಿ, ಮಡುವಿನ ಅಂಚಿನಲ್ಲಿ ಮುಳುಗಿದ್ದ ಹಳೆಯ ಹುಣಸೆಮರದ ಕೊಂಬೆಗಳಿಗೆ ಸಿಕ್ಕಿಕೊಂಡಿತು. ನೀರಿನ ಮೇಲೆ ಅದರ ಬೆನ್ನು ಎರಡು ಗೇಣು ಮಾತ್ರ ಕಾಣುತ್ತಿತ್ತು.

ಒಳಗಿನಿಂದ ತಟ್ಟುವ ಸದ್ದು ಕೇಳುತ್ತಿತ್ತು. ದಡದಲ್ಲಿದ್ದವರಿಗೂ ಕೇಳುತ್ತಿತ್ತು.

ಹುಚ್ಚಯ್ಯ ಕುಡುಗೋಲನ್ನು ಬಾಯಲ್ಲಿ ಕಚ್ಚಿಕೊಂಡು ಈಜಿದ. ಹರಿಗೋಲಿನ ಬೆನ್ನ ಮೇಲೆ ಹತ್ತಿ ಕಿವಿಯಿಟ್ಟ. “ಅಣ್ಣಾ” ಎಂಬ ಮಾತು ತೊಗಲಿನ ಒಂದು ಪದರದಷ್ಟು ದೂರದಲ್ಲಿತ್ತು. ಕೆಳಗೆ ಕೊಂಬೆ, ಸೆಳೆತ. ಹೊರಗೆ ಬರಲು ದಾರಿಯಿಲ್ಲ. ದಾರಿ ಮಾಡಬೇಕು. ಅವನು ಕುಡುಗೋಲಿನಿಂದ ತೊಗಲನ್ನು ಒಂದು ಮೊಳ ಸೀಳಿದ.

ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು. ಹರಿಗೋಲಿನ ಬದುಕಿನಲ್ಲಿ ತೊಗಲು ನೀರನ್ನು ಹೊರಗಿಡುವ ವಸ್ತು. ಮಗುಚಿದಾಗ ಅದೇ ತೊಗಲು ಗಾಳಿಯನ್ನು ಒಳಗೆ ಹಿಡಿದಿರುತ್ತದೆ ಎಂದು ಯೋಚಿಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಸೀಳಿದ ಕಡೆಯಿಂದ ಗಾಳಿ ಬುಸ್ಸೆಂದು ಹೊರಗೆ ಬಂತು. ಬಿಸಿಯಾಗಿತ್ತು, ಐದು ಜನರ ಉಸಿರು ಅವನ ಮುಖಕ್ಕೆ ಹೊಡೆಯಿತು. ಗಾಳಿ ಹೋದಷ್ಟೂ ಒಳಗೆ ನೀರು ಏರಿತು. ಅಡ್ಡಬಿದಿರಿಗೆ ಕಟ್ಟಿದ್ದ ಮೂಟೆಗಳು, ನೆನೆದ ತೊಗಲು, ಮೇಲಿದ್ದ ಅವನ ತೂಕ, ಎಲ್ಲ ಒಟ್ಟಿಗೆ ಕೆಳಗೆ ಎಳೆದವು. ಹತ್ತು ಎಣಿಸುವಷ್ಟರಲ್ಲಿ ಹರಿಗೋಲು ಅವನ ಕಾಲಡಿಯಿಂದ ಜಾರಿಹೋಯಿತು.

ಸೀಳಿನಿಂದ ಹೊರಬಂದಿದ್ದ ಒಂದು ಕೈಯನ್ನು ಅವನು ಹಿಡಿದಿದ್ದ. ಅದು ಯಾರ ಕೈಯೆಂದು ಅವನು ಯಾರಿಗೂ ಹೇಳಲಿಲ್ಲ.

ದಡದಲ್ಲಿದ್ದ ಚಿಕ್ಕಸ್ವಾಮಿ ಎಲೆ ಅಡಿಕೆಯನ್ನು ನೀರಿಗೆ ಬಿಟ್ಟು ಕೈಮುಗಿದರು. “ಮಡು ಇಡೀತು. ನೀನೇನ್ ಮಾಡ್ತೀಯ ಬುಡು,” ಎಂದು ಸಮಾಧಾನ ಹೇಳಿದರು.

“ಮಡು ಇಡೀಲಿಲ್ಲ ಯಜಮಾನ್ರೇ,” ಎಂದ ಹುಚ್ಚಯ್ಯ. “ನಾನ್ ಕುಯ್ದೆ.”

*

ಶಾಲೆಯ ಗಂಗಾಧರಸ್ವಾಮಿ ಮೇಷ್ಟ್ರ ಊರು ನಂಜನಗೂಡು. ವಾರಕ್ಕೊಮ್ಮೆ ಮನೆಗೆ ಹೋದಾಗ ರೈಲು ಸ್ಟೇಷನ್ನಿನವರು ಓದಿ ಬಿಟ್ಟ ಇಂಗ್ಲಿಷ್ ಪತ್ರಿಕೆಗಳನ್ನು ಕಟ್ಟು ಕಟ್ಟಿ ತರುತ್ತಿದ್ದರು. ಸಂಜೆ ಶಾಲೆಯ ಮೆಟ್ಟಿಲ ಮೇಲೆ ಕುಳಿತು ನಾಲ್ಕು ಜನಕ್ಕೆ ಕನ್ನಡದಲ್ಲಿ ಹೇಳುವುದು ಅವರ ರೂಢಿ. ಆ ಆಗಸ್ಟಿನ ಒಂದು ಸಂಜೆ ಅವರು ಫ್ರೆಂಚರ ನೀರೊಳಗಿನ ಹಡಗೊಂದು ಆಫ್ರಿಕಾದ ಒಂದು ಬಂದರಿನಲ್ಲಿ ಮುಳುಗಿ, ಹದಿನಾಲ್ಕು ಜನ ಒಳಗೇ ಸತ್ತ ಸುದ್ದಿಯನ್ನು ಓದಿದರು. ಒಂದು ತಿಂಗಳಿಂದ ಯಾರೊಡನೆಯೂ ಮಾತಾಡದಿದ್ದ ಹುಚ್ಚಯ್ಯ ಕೆಳಗಿನ ಮೆಟ್ಟಿಲಿನಿಂದ ತಲೆಯೆತ್ತಿದ.

“ಒಳಗಿದ್ದೋರು ತಟ್ತಿದ್ರಾ?”

“ತಟ್ಟುತ್ತಿದ್ದರಂತೆ. ಮೂವತ್ತು ಗಂಟೆಗೂ ಮೇಲೆ.”

“ಮ್ಯಾಲಿದ್ದೋರ್ಗೆ ಕೇಳ್ತಿತ್ತಾ?”

“ಕೇಳ್ತಿತ್ತು.”

“ಕೇಳುಸ್ಕಂಡು ಏನ್ ಮಾಡುದ್ರು?”

“ಕಟ್ಟಿ ಎತ್ತೋಕೆ ನೋಡಿದರು. ಕಟ್ಟಿದ್ದು ಕಿತ್ತುಹೋಯಿತು.”

“ಗಾಳಿ ಕೊಡ್ಲಿಲ್ವಾ?”

ಮೇಷ್ಟ್ರು ಪತ್ರಿಕೆಯನ್ನು ಮತ್ತೊಮ್ಮೆ ನೋಡಿದರು. ಗಾಳಿಯ ಮಾತು ಅದರಲ್ಲಿರಲಿಲ್ಲ. “ನೀರಿನಡಿ ಗಾಳಿ ಹೇಗೆ ಕೊಡ್ತಾರೆ ಹುಚ್ಚಯ್ಯ?”

“ಅಡಗು ಮಾಡೋಕ್ ಬಂದೋರ್ಗೆ ಅದು ಗೊತ್ತಾಗಾಕಿಲ್ವಾ?” ಎಂದು ಹೇಳಿ ಅವನು ಎದ್ದುಹೋದ.

ಮಾರನೆಯ ದಿನ ಅವನು ಒಂದು ಚೊಂಬನ್ನು ಬೋರಲು ಹಿಡಿದು ನೀರಿಗೆ ಒತ್ತಿ ನೋಡಿದ. ಒಳಗಿನ ಗಾಳಿ ಒಳಗೇ ಉಳಿಯಿತು. ಆದರೆ ಚೊಂಬು ಕೈಯನ್ನು ಮೇಲಕ್ಕೆ ನೂಕಿತು. ದೊಡ್ಡ ಪಾತ್ರೆ ಇನ್ನೂ ಜೋರಾಗಿ ನೂಕಿತು. ಅದೇಕೆ ಎಂದು ಕೇಳಲು ಬಂದಾಗ ಮೇಷ್ಟ್ರು, ಪಾತ್ರೆ ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟು ನೀರಿನ ತೂಕ ಅದನ್ನು ಮೇಲಕ್ಕೆ ಎತ್ತುತ್ತದೆ ಎಂದು ಹೇಳಿದರು. ಇದನ್ನು ಎರಡು ಸಾವಿರ ವರ್ಷದ ಹಿಂದೆ ಆರ್ಕಿಮಿಡೀಸ್ ಎಂಬುವನು ಕಂಡುಕೊಂಡನೆಂದೂ ಹೇಳಿದರು.

“ಅವ್ನು ಎಲ್ಲಿ ಅರಿಗೋಲ್ ಆಕ್ತಿದ್ದ?”

“ಅವನು ಸ್ನಾನ ಮಾಡ್ತಿದ್ದನಂತೆ.”

“ಅಂಡೇಲಾ?” ಎಂದ ಹುಚ್ಚಯ್ಯ. ಉತ್ತರಕ್ಕೆ ಕಾಯದೆ ಮನೆಗೆ ಹೋಗಿ, ಸ್ನಾನಕ್ಕೆ ನೀರು ಕಾಯಿಸುವ ತಾಮ್ರದ ಹಂಡೆಯನ್ನು ಒಲೆಯ ಮೇಲಿಂದ ಕಿತ್ತ.

ಹಂಡೆ ಹಿಡಿಯುವ ನೀರನ್ನು ತೂಗಿ, ಅದಕ್ಕಿಂತ ತುಸು ಭಾರವಾಗಿ ಎಳೆಯುವ ಕಲ್ಲನ್ನು ಹುಡುಕಿ ಹಂಡೆಯ ಕಿವಿಗಳಿಗೆ ಸರಪಳಿಯಲ್ಲಿ ತೂಗುಬಿಟ್ಟ. ಹಗ್ಗಕ್ಕೆ ಮೇಷ್ಟ್ರ ಅಡಿಪಟ್ಟಿ ಹಿಡಿದು ಗಂಟು ಹಾಕಿದ. ಬೇಸಿಗೆಯಲ್ಲಿ ಹಂಡೆಯನ್ನು ಬೋರಲಾಗಿ ಇಳಿಸಿ, ತಾನೂ ಮುಳುಗಿ ಅದರೊಳಗೆ ತಲೆಯಿಟ್ಟು ಉಸಿರಾಡಿದ. ದಡದಲ್ಲಿ ಚಿನ್ನಮ್ಮ ಹಗ್ಗ ಹಿಡಿದು ಕೂರುತ್ತಿದ್ದಳು. ಅಪ್ಪ ಉಸಿರಿಗೊಂದು ಸಲ ಜಗ್ಗುತ್ತಿದ್ದ, ಅವಳು ಎಣಿಸುತ್ತಿದ್ದಳು. ಒಂದು ಹಂಡೆಗೆ ತೊಂಬತ್ತು ಉಸಿರು. ಅದರಾಚೆಗೆ ತಲೆ ತಿರುಗುತ್ತದೆ. “ಉಚ್ಚಯ್ಯ ಒಳೇಗೆ ಸ್ನಾನ ಮಾಡ್ಸಕ್ ಓಯ್ತಾವ್ನೆ, ಬಿಸ್ನೀರ್ ತಕಂಡು!” ಎಂದು ಕಡವಿನವರು ಕೂಗುತ್ತಿದ್ದರು. ಅವನ ಹೆಂಡತಿ ಸಾಯುವವರೆಗೂ ಆ ಮನೆಯಲ್ಲಿ ಮಡಕೆಯಲ್ಲೇ ನೀರು ಕಾದದ್ದು. ಎರಡನೆಯ ಹಂಡೆಯನ್ನು ಅವನು ನಂಜನಗೂಡಿನಿಂದ ತಲೆಯ ಮೇಲೆ ಹೊತ್ತು ತಂದ.

ಏಳು ವರ್ಷ ಆ ಹಂಡೆಗಳು ಕಡವಿನ ದಡದ ಮರವೊಂದರಡಿ ಕಾದವು.

*

ಗಂಗಾಧರಸ್ವಾಮಿ ಮೇಷ್ಟ್ರು ಒಂಬತ್ತು ಗಂಟೆಗೆ ಬಂದರು. ಹೆಣ ಇನ್ನೂ ಅಂಗಳದಲ್ಲಿತ್ತು. ಚಿನ್ನಮ್ಮ ಹಗ್ಗದ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನ ತಲೆಯ ಬಳಿ ಕುಳಿತಿದ್ದಳು. ಮೇಷ್ಟ್ರು ವಿಷಯವನ್ನು ಕೇಳಿ ತಿಳಿದುಕೊಂಡು ಚಿಕ್ಕಸ್ವಾಮಿಯ ಪಕ್ಕದಲ್ಲಿ ಕುಳಿತರು.

“ಮೊನ್ನೆ ಭಾನುವಾರ ಇವನಿಗೊಂದು ಸುದ್ದಿ ಓದಿ ಹೇಳಿದೆ ಯಜಮಾನರೇ. ಎರಡು ವರ್ಷದ ಹಿಂದೆ ಇಂಗ್ಲಿಷರ ಒಂದು ನೀರೊಳಗಿನ ಹಡಗು ಸ್ಕಾಟ್ಲೆಂಡಿನಲ್ಲಿ ಮುಳುಗಿತಂತೆ. ಎಂಬತ್ತು ಜನ. ನೀರಿಗೆ ಮುಳುಗಿ ಕೆಲಸ ಮಾಡುವವರು ಕೆಳಗೆ ಹೋಗಿ ಕೊಳವೆಯಲ್ಲಿ ಗಾಳಿ ಕೊಟ್ಟರು. ಎರಡು ದಿನ ದಾಟಿದ ಮೇಲೆ ನಲವತ್ತಕ್ಕೂ ಹೆಚ್ಚು ಜನ ಜೀವಂತ ಹೊರಗೆ ಬಂದರು.”

“ಉಚ್ಚಯ್ಯ ಏನಂದ?” ಎಂದು ರಂಗನಾಯಕ ಕೇಳಿದ.

“‘ಈಗ ಗೊತ್ತಾಯ್ತಾ ಅವ್ರಿಗೆ’ ಅಂದ. ಆಮೇಲೆ ಬಹಳ ಹೊತ್ತು ಕೆಮ್ಮಿದ. ಆಮೇಲೆ, ‘ನಲವತ್ತು ಅಂದ್ರೆ ನಲವತ್ತು ಮನೆ ಮೇಷ್ಟ್ರೇ’ ಅಂದ.”

ಚಿಕ್ಕಸ್ವಾಮಿ ಟವೆಲಿನಿಂದ ಮುಖ ಒರೆಸಿಕೊಂಡರು. “ಅದು ಸಮುದ್ರ ಸ್ವಾಮಿ. ಅವ್ರು ಒಂದ್ ದಿನ ಓಗಿ ಬತ್ತಾರೆ. ನಾವು ಇಲ್ಲೇ ಇರೋರು. ನಂಗೂ ಮನ್ಸದೆ. ಆದ್ರೆ ನಮ್ಮನೇಲಿ ಎರಡು ಐಕ್ಳವೆ, ಅವ್ರ ತಾಯಿ ಅವ್ಳೆ. ಒಳೆ ಅವ್ಳ್ನ ನೋಡ್ಕಂಡದೆ, ಬುಟ್ಟಿಲ್ಲ. ಉಚ್ಚಯ್ಯನ್ನ ಕೊಟ್ರೆ ಅವ್ಳ್ನ ಬುಡ್ತದೆ.”

ಅಷ್ಟು ಜನರ ಮುಂದೆ ಅವರು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೆಂಗಸರ ಗುಂಪಿನಲ್ಲಿ ರಾಮಮ್ಮ ಎದ್ದು ನಿಂತಳು.

*

೧೯೧೨ರ ಆಗಸ್ಟಿನಲ್ಲಿ ಅವಳು ತವರಿನಿಂದ ಬರುತ್ತಿದ್ದಳು. ಹರಿಗೋಲು ಮಡುವಿನಂಚಿನಲ್ಲಿ ಮುಳುಗಿದ್ದ ಅದೇ ಹುಣಸೆಮರಕ್ಕೆ ಬಡಿದು ಮಗುಚಿತು. ಈ ಸಲ ಸೆಳೆತ ಅದನ್ನು ಕೊಂಬೆಗಳ ಅಡಿಗೇ ನೂಕಿಬಿಟ್ಟಿತು. ಮೇಲೆ ಏನೂ ಕಾಣುತ್ತಿರಲಿಲ್ಲ. ಹುಟ್ಟು ಹಾಕುತ್ತಿದ್ದವನು ಹೊರಗೆ ಎಸೆಯಲ್ಪಟ್ಟು ಈಜಿ ದಡ ಸೇರಿದ. ಒಳಗೆ ಅವಳು, ಉಪ್ಪಿನ ವ್ಯಾಪಾರಿ, ಎದೆಮಟ್ಟದ ನೀರು, ಕತ್ತಲು. ವ್ಯಾಪಾರಿ ದೇವರ ಹೆಸರು ಹೇಳುತ್ತಿದ್ದ. ಅವಳು ಅವನ ಬಾಯಿ ಮುಚ್ಚಿ, ಕೈಬಳೆಯಿಂದ ಬಿದಿರನ್ನು ತಟ್ಟಿದಳು.

ದಡದಲ್ಲಿ ಎಲ್ಲರೂ ಮುಗಿಯಿತೆಂದರು. ಹುಚ್ಚಯ್ಯ ತನ್ನ ಹರಿಗೋಲನ್ನು ಮಡುವಿನ ಅಂಚಿಗೆ ತಂದು, ಹುಟ್ಟಿನ ಅಲಗನ್ನು ನೀರಿಗಿಳಿಸಿ ಹಿಡಿಗೆ ಕಿವಿ ಕೊಟ್ಟ. ನೀರು ಸದ್ದನ್ನು ಗಾಳಿಗಿಂತ ಚೆನ್ನಾಗಿ ಒಯ್ಯುತ್ತದೆ.

“ಬಳೆ,” ಎಂದ.

ರಂಗನಾಯಕ ಕತ್ತಿ ಹಿಡಿದು ನೀರಿಗಿಳಿದ. “ತೊಗಲು ಕುಯ್ತೀನಿ!”

ಹುಚ್ಚಯ್ಯ ಹುಟ್ಟನ್ನು ಎತ್ತಿ ಅವನ ಮುಂಗೈಗೆ ಬಡಿದ. ಮೂಳೆ ಬಿರುಕು ಬಿಟ್ಟಿತು. “ಮ್ಯಾಲಿಂದ ಕುಯ್ಬೇಡ್ವೋ! ಕೆಳಗಿಂದ ಗಾಳಿ ಕೊಡು!”

ಹಂಡೆ ಇಳಿಯಿತು. ಹುಚ್ಚಯ್ಯ ಅದರೊಡನೆ ಇಳಿದು, ಅದನ್ನು ಹರಿಗೋಲಿನ ಅಂಚಿನಡಿ ತಳ್ಳಿ ಮಗುಚಿದ. ಗಾಳಿ ಗುಳುಗುಳು ಎಂದು ಒಳಗೆ ಏರಿತು. ನೀರು ತುಂಬಿದ ಹಂಡೆಯನ್ನು ಕಲ್ಲಿನ ಸಮೇತ ಮೇಲೆಳೆಯಲು ರಂಗನಾಯಕ ಒಂದೇ ಕೈಯಲ್ಲಿ, ಇನ್ನಿಬ್ಬರು ಎರಡು ಕೈಯಲ್ಲಿ ಜಗ್ಗಿದರು. ಅಷ್ಟರಲ್ಲಿ ಎರಡನೆಯ ಹಂಡೆ ಇಳಿಯುತ್ತಿತ್ತು. ಅದೇ ವಾರ ಗಂಡನ ಮನೆಯಿಂದ ಬಂದಿದ್ದ ಚಿನ್ನಮ್ಮ ಹರಿಗೋಲಿನಲ್ಲಿ ಕುಳಿತು ಎಣಿಸಿದಳು. ಮೂರು ನಿಮಿಷಕ್ಕೊಂದು. ಹಂಡೆ ಹಂಡೆಗಳ ನಡುವೆ ಹುಚ್ಚಯ್ಯ ಕೊಂಬೆಯನ್ನು ಗರಗಸದಿಂದ ಕೊಯ್ದ. ಮೇಷ್ಟ್ರ ಗಡಿಯಾರದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ; ಇಪ್ಪತ್ತಾರು ಹಂಡೆ. ಇಪ್ಪತ್ತೇಳನೆಯದು ಇಳಿಯುವ ಮೊದಲು ಕೊಂಬೆ ಮುರಿದು ಹರಿಗೋಲು ತಾನೇ ಮೇಲೆದ್ದಿತು, ಮುಳುಗಿದ ಸೋರೆಬುರುಡೆಯನ್ನು ಕೈಬಿಟ್ಟ ಹಾಗೆ.

ದಡಕ್ಕೆ ಬಂದಾಗ ಹುಚ್ಚಯ್ಯನ ಕಿವಿ ಮೂಗುಗಳಿಂದ ರಕ್ತ ಬರುತ್ತಿತ್ತು. ಅವನು ಚೆಲುವಯ್ಯನ ಹೆಸರು ಹೇಳಿ ಒಮ್ಮೆ ಹೊಳೆಗೆ ಉಗಿದ.

*

“ಮಾವ,” ಎಂದಳು ರಾಮಮ್ಮ. ಮಾವನೆದುರು ಅವಳು ನಿಂತು ಮಾತಾಡಿದ್ದನ್ನು ಯಾರೂ ನೋಡಿರಲಿಲ್ಲ. “ಅವತ್ತು ನೀವೆಲ್ಲಿದ್ರಿ?”

“ದಡದಲ್ಲಿದ್ದೆ ಕಣವ್ವ.”

“ಏನ್ ಮಾಡ್ತಿದ್ರಿ?”

“ಎಲೆ ಬುಡ್ತಿದ್ದೆ. ಎರಡು ಕಟ್ಟು ಎಲೆ ಬುಟ್ಟೆ. ನಿನ್ನ ಬುಡ್ಲಿ ಅಂತ.”

“ಎಲೆ ನನ್ತಾವ್ಕೆ ಬರ್ಲಿಲ್ಲ ಮಾವ. ಅಂಡೆ ಬಂತು.”

ಚಿಕ್ಕಸ್ವಾಮಿ ತಲೆ ತಗ್ಗಿಸಿದರು.

“ಆ ಕತ್ಲೇಲಿ ಒಂದೊಂದಂಡೆ ಬಂದಾಗ್ಲೂ ಉಚ್ಚಣ್ಣನ ತಲೆ ಒಂದ್ ಗಳ್ಗೆ ಒಳಗೆ ಬರೋದು. ‘ಅಳ್ಬೇಡ, ಅತ್ರೆ ಗಾಳಿ ಬೇಗ ಮುಗೀತದೆ’ ಅನ್ನೋದು, ಓಗೋದು. ಇಪ್ಪತ್ತಾರ್ ಸಲ ಅದೇ ಮಾತು. ನಾನ್ ಅಳ್ಲಿಲ್ಲ. ನಮ್ಮವ್ವ ಸತ್ತಾಗ್ಲೂ ಅಳ್ಲಿಲ್ಲ, ನೀವ್ ಕಳುಸ್ದೆ ಇದ್ದಾಗ್ಲೂ ಅಳ್ಲಿಲ್ಲ. ಒಳೆಗೆ ಪಾಲ್ ಬೇಕಾದ್ರೆ ನನ್ನೇ ಕೇಳ್ಲಿ. ಅವ್ರನ್ ಯಾಕೆ ಕೊಡ್ತೀರಿ?”

“ಬಾಯ್ಮುಚ್ಚು, ಅಂಗನ್ಬೇಡ!” ಚಿಕ್ಕಸ್ವಾಮಿಯ ದನಿ ಒಡೆಯಿತು. ಅವರು ಹೆದರಿದ್ದರು, ಮೂವತ್ತು ಜನಕ್ಕೂ ಅದು ಕಾಣಿಸಿತು.

ಚಿನ್ನಮ್ಮ ಹಗ್ಗವನ್ನು ಹೆಗಲಿಗೇರಿಸಿ ಎದ್ದಳು. “ಇಲ್ಕೇಳಿ. ಅಪ್ಪನ್ನ ಮಣ್ಗಾಕಿ. ಮುಂಗಾರು ಮುಗಿಯೋಗಂಟ ದಿನಾ ಬೆಳಿಗ್ಗೆ ಮೊದ್ಲು ದಾಟೋಳು ನಾನು. ಒಬ್ಳೇ. ನಾನ್ ಆಚೆ ದಡ ಮುಟ್ಟಿದ್ಮ್ಯಾಲೆ ನಿಮ್ ಅರಿಗೋಲು ಬುಡಿ. ಒಳೆಗೆ ಸಾಲ ಇದ್ರೆ ಅವ್ರ ಮಗಳ್ನ ಕೇಳ್ಲಿ. ನಿಮ್ ಐಕ್ಳ ತಂಟೆಗೆ ಬರಾಕಿಲ್ಲ.”

“ಎಣ್ಣೆಂಗ್ಸು ಉಟ್ಟು ಆಕೋದಾ?” ಎಂದು ಯಾರೋ ಹಿಂದಿನಿಂದ ಅಂದರು.

“ಯಾಕಾಕ್ಬಾರ್ದು? ಉಟ್ಟು ಮೀಸೇಲಿ ಇಡೀತೀಯಾ ನೀನು?” ಎಂದ ರಂಗನಾಯಕ. ಬೆನ್ನ ಹಿಂದಿದ್ದ ಕೈಗಳನ್ನು ಅವನು ಮುಂದಕ್ಕೆ ತಂದ. ಬಲ ಮುಂಗೈ ಸೊಟ್ಟಗಿತ್ತು. ಚಟ್ಟದ ಒಂದು ಬಿದಿರನ್ನು ಹಿಡಿದು, “ಎತ್ರೋ,” ಎಂದ.

ಕಲ್ಲು ಎತ್ತಲು ಬಂದಿದ್ದ ಇಬ್ಬರು ಚಟ್ಟ ಎತ್ತಿದರು.

ಹನ್ನೊಂದೂವರೆಗೆ ಮಣ್ಣು ಮಾಡಿದರು. ದಿಣ್ಣೆಯ ಮೇಲಿನ ಜಾಗ. ಅಲ್ಲಿಂದ ಹೊಳೆ ಕಾಣುತ್ತದೆ, ಹೊಳೆಗೆ ಅದು ಸಿಗುವುದಿಲ್ಲ. ಚಿಕ್ಕಸ್ವಾಮಿ ಮಣ್ಣು ಹಾಕಲು ಬರಲಿಲ್ಲ, ಮನೆಗೂ ಹೋಗಲಿಲ್ಲ. ಕಡವಿನ ಕಲ್ಲಿನ ಮೇಲೆ ಹೊಳೆಗೆ ಬೆನ್ನು ಮಾಡಿ ಕುಳಿತಿದ್ದರು.

ಮಿಂದವರ ಬಟ್ಟೆಯಿಂದ ಇನ್ನೂ ನೀರು ಇಳಿಯುತ್ತಿದ್ದಾಗ ಚಿನ್ನಮ್ಮ ಅಪ್ಪನ ಹರಿಗೋಲನ್ನು ನೀರಿಗೆ ಎಳೆದಳು. ಹಗ್ಗದ ಸುರುಳಿಯನ್ನು ಒಳಗೆ ಹಾಕಿದಳು. ಅದರ ತುದಿಗೆ, ಅಪ್ಪ ಹಲ್ಲು ಹೋದ ಮೇಲೆ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದ ಕಬ್ಬಿಣದ ಕುಟ್ಟಾಣಿಯನ್ನು ಕಟ್ಟಿದಳು.

“ಇವತ್ತೇ ಯಾಕವ್ವ?” ಎಂದ ರಂಗನಾಯಕ. “ನಾಳೆ ಬೆಳಿಗ್ಗೆ ಅಂದ್ಯಲ್ಲ?”

“ನಾಳೆ ಬೆಳಿಗ್ಗೆ ದಾಟೋದು. ಇವತ್ತು ಅಪ್ಪ ಏಳಿದ್ದೊಂದು ಕೆಲ್ಸ ಅದೆ.” ಅವಳು ಮೇಷ್ಟ್ರ ಕಡೆ ತಿರುಗಿದಳು. “ಅಡಿಪಟ್ಟಿ ತಂದಿದ್ದೀರಾ ಮೇಷ್ಟ್ರೇ?”

ಮೇಷ್ಟ್ರು ಕೋಟಿನ ಒಳಜೇಬು ಮುಟ್ಟಿ ನೋಡಿಕೊಂಡರು. ಜೋಡು ಬಿಚ್ಚಿ, ಪಂಚೆ ಎತ್ತಿಕಟ್ಟಿ, ಹರಿಗೋಲಿನ ಅಂಚನ್ನು ಎರಡು ಕೈಯಲ್ಲೂ ಹಿಡಿದು ಹತ್ತಿದರು. “ಆರ್ಕಿಮಿಡೀಸನಿಗೆ ಈಜು ಬರುತ್ತಿತ್ತೋ ಇಲ್ಲವೋ ಕಾಣೆ. ನನಗೆ ಬರುವುದಿಲ್ಲ ಚಿನ್ನಮ್ಮ.”

“ಮುಳುಗುದ್ರೆ ಅಂಡೆ ಕಳುಸ್ತೀವಿ ಸ್ವಾಮಿ,” ಎಂದ ರಂಗನಾಯಕ.

ಹರಿಗೋಲು ದಡ ಬಿಡುವುದರಲ್ಲಿತ್ತು. ರಾಮಮ್ಮ ಮೊಣಕಾಲಿನವರೆಗೆ ನೀರಿಗಿಳಿದು ಅಂಚು ಹಿಡಿದಳು. ಸೀರೆಯ ಸೆರಗಿನಲ್ಲಿ ಒಂದು ಸಣ್ಣ ಗಂಟಿತ್ತು. ಅವಳು ಮಾವನ ಬೆನ್ನಿನ ಕಡೆ ನೋಡಿ, “ಹೆಮ್ಮಿಗೆಗೆ ಓಗಿ ಬತ್ತೀನಿ ಮಾವ. ಐಕ್ಳು ಉಂಡವ್ರೆ,” ಎಂದಳು. ಆ ಬೆನ್ನು ತಿರುಗಲಿಲ್ಲ. ಬೇಡ ಎನ್ನಲೂ ಇಲ್ಲ. ಅವಳು ಹತ್ತಿದಳು.

ಮಡುವಿನ ಅಂಚಿಗೆ ಬಂದಾಗ ಚಿನ್ನಮ್ಮ ಹುಟ್ಟನ್ನು ಮೇಲೆತ್ತಲಿಲ್ಲ. ಸುಳಿಗೆ ಎದುರಾಗಿ ಹಾಕುತ್ತ, ಕಪ್ಪು ನೀರಿನ ನಟ್ಟನಡುವೆ ಹರಿಗೋಲನ್ನು ತಂದು ರಾಮಮ್ಮನ ಕೈಗೆ ಹುಟ್ಟನ್ನು ಕೊಟ್ಟಳು. ಕುಟ್ಟಾಣಿ ನೀರಿಗಿಳಿಯಿತು. ಅವಳು ಗಂಟುಗಳನ್ನು ಗಟ್ಟಿಯಾಗಿ ಎಣಿಸುತ್ತ ಹಗ್ಗ ಬಿಟ್ಟಳು, ಹಿಂದೆ ಉಸಿರುಗಳನ್ನೂ ಹಂಡೆಗಳನ್ನೂ ಎಣಿಸಿದ ದನಿಯಲ್ಲೇ. ಏಳು. ಎಂಟು. ಒಂಬತ್ತು. ಹದಿಮೂರರಲ್ಲಿ ಹಗ್ಗ ಸುಳಿಗೆ ವಾಲಿತು. ಅವಳು ಮೇಲಕ್ಕೆಳೆದು ನೇರ ಮಾಡಿ ಮತ್ತೆ ಬಿಟ್ಟಳು. ಹದಿನಾರು. ಹದಿನೇಳು. ಇನ್ನು ತುಸು ಹೋಗಿ ಹಗ್ಗ ಕೈಯಲ್ಲಿ ಸಡಿಲವಾಯಿತು. ಎತ್ತಿ ಮತ್ತೆ ಬಿಟ್ಟಳು. ಮೆತ್ತಗೆ, ಮಣ್ಣಿಗೆ ತಾಕಿದ ಹಾಗೆ, ಮತ್ತೆ ಅಲ್ಲೇ ನಿಂತಿತು. ನೀರಿನ ಮಟ್ಟದಲ್ಲಿ ಹಗ್ಗವನ್ನು ಎರಡು ಬೆರಳಿನಿಂದ ಬಿಗಿಯಾಗಿ ಹಿಡಿದುಕೊಂಡು ಮೇಲೆಳೆದಳು. ಕುಟ್ಟಾಣಿಯ ತುಂಬ ಬೂದುಬಣ್ಣದ ಜೇಡಿಮಣ್ಣು ಬಂದಿತ್ತು.

ಮೇಷ್ಟ್ರು ಹದಿನೇಳನೆಯ ಗಂಟಿನಿಂದ ಅವಳ ಬೆರಳಿನವರೆಗೆ ಅಡಿಪಟ್ಟಿ ಹಿಡಿದರು. ಒಮ್ಮೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ದಡದ ಕಲ್ಲಿನ ಮೇಲಿಂದ ಚಿಕ್ಕಸ್ವಾಮಿಯ ದನಿ ಬಂತು. ಅವರು ಈ ಕಡೆ ತಿರುಗಿದ್ದರು.

“ಎಷ್ಟಂತೆ ಮೇಷ್ಟ್ರೇ?”

“ಹದಿನೇಳು ಅಡಿ ಎಂಟು ಅಂಗುಲ.”